ಹಿಮ್ಮಡಿಯ ಗಂಟು

ನಾನು ಮದುವೆಯಾಗಿ ಈ ಗುಂಪಿಗೆ ಬಂದ ದಿನ ಹಿಮದಲ್ಲಿ ಹೂತುಹೋಗದಂತೆ ನಾನು ಕಾಲಿಗೆ ಕಟ್ಟಿಕೊಂಡಿದ್ದ ಅಗಲದ ಹಿಮಮೆಟ್ಟುಗಳನ್ನು ನೋಡಿ ನಕ್ಕವರು ಆಪಿನಾಮ್ ಭಾವ. ನನ್ನ ಗಂಡ ತೂಮಾನ ಅಣ್ಣ ಅವರು.

"ನಿಮ್ಮಪ್ಪನಿಗೆ ನಿನ್ನನ್ನ ಕಳಿಸೋಕೆ ಮನಸ್ಸಿರಲಿಲ್ಲ ಅನ್ಸುತ್ತೆ ಕಣಮ್ಮ. ಇದನ್ನ ಕಟ್ಕೊಂಡು ಒಂದು ದಿಬ್ಬ ಹತ್ತಿದ್ರೆ ಬಂದ ದಾರೀಲೇ ತವರಿಗೆ ಜಾರ್ಕೊಂಡು ಹೋಗ್ತೀಯ" ಅಂದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ವಾರ ತುಂಬುವ ಮೊದಲೇ ನಮ್ಮ ಡೇರೆಯ ಬಾಗಿಲಿಗೆ ಹೊಸದೊಂದು ಜೊತೆ ಒರಗಿಸಿಟ್ಟಿತ್ತು. ಮರದ ಬಳೆ ಭಾವನದು, ಒಳಗಿನ ಹೆಣಿಗೆ ಅವರ ಹೆಂಡತಿ ನಿಷಾಪೆತ್ ಅಕ್ಕನದು. ‘ಇನ್ನು’ ಎಂಬ ನಮ್ಮ ಬುಡಕಟ್ಟಿನಲ್ಲಿ ಅದು ಹಾಗೆಯೇ. ಭೂರ್ಜ ಮರ ಸೀಳಿ, ಹದ ಮಾಡಿ, ಬಗ್ಗಿಸುವುದು ಗಂಡಸು. ಕ್ಯಾರಿಬೂ ಜಿಂಕೆಯ ಹಸಿ ತೊಗಲನ್ನು ಎಳೆ ಎಳೆಯಾಗಿ ಕೊಯ್ದು ಬಲೆ ಹೆಣೆಯುವುದು ಹೆಂಗಸು. ಒಬ್ಬರನ್ನು ಬಿಟ್ಟು ಒಬ್ಬರಿಗೆ ಸಾಗುವುದಿಲ್ಲ. ಗಂಡ ಹೆಂಡತಿ ಮಾತು ಬಿಟ್ಟಿದ್ದರೆ ಅವರ ಮೆಟ್ಟು ನೋಡಿದರೇ ಗೊತ್ತಾಗುತ್ತದೆ, ಹೆಣಿಗೆ ಜೋತಾಡುತ್ತಿರುತ್ತದೆ ಎಂದು ಮುದುಕ ಮಿಶೆನ್ ಹೇಳುವುದಿತ್ತು. ಭಾವನ ಮನೆಯ ಮೆಟ್ಟನ್ನು ಬೆರಳಿನಿಂದ ತಟ್ಟಿದರೆ ಡೋಲಿನ ಹಾಗೆ ನುಡಿಯುತ್ತಿತ್ತು.

ಯಾರಿಗಾದರೂ ಮೆಟ್ಟು ಮಾಡಬೇಕಾದರೆ ಭಾವ ಅವರ ಪಾದ ಅಳೆಯುತ್ತಿರಲಿಲ್ಲ. "ಹೋಗಿ ಸೌದೆ ತಗೊಂಡು ಬಾ" ಎನ್ನುವರು. ಅವರು ಹೋಗುವಾಗ ಬೆನ್ನನ್ನೂ ಬರುವಾಗ ಹೊರೆಯನ್ನೂ ನೋಡುವರು. ಒಳನಾಡಿನ ಕಾಡಿನಲ್ಲಿ ಮರಗಳ ಅಡಿಯ ಹಿಮ ಹಿಟ್ಟಿನ ಹಾಗೆ. ಅಲ್ಲಿಗೆ ಅಗಲ ಬೇಕು, ತಿರುಗಲು ಗಿಡ್ಡ ಬೇಕು. ಸರೋವರದ ಮೇಲೆ ಗಾಳಿ ಬಡಿದು ಹಿಮ ಗಟ್ಟಿಯಾಗಿರುತ್ತದೆ. ಅಲ್ಲಿ ಮೆಟ್ಟಿನ ಹಿಂದೆ ಉದ್ದ ಬಾಲ ಬೇಕು, ಇಲ್ಲವಾದರೆ ಹೆಜ್ಜೆ ಅತ್ತಿತ್ತ ಹೊರಳುತ್ತದೆ. ಇಳಿಜಾರು ಹತ್ತುವಾಗ ಕಾಲ್ಬೆರಳು ಹೆಣಿಗೆಯಲ್ಲಿ ಬಿಟ್ಟ ಗಂಡಿಯಿಂದ ಕೆಳಗಿಳಿದು ಹಿಮವನ್ನು ಕಚ್ಚಬೇಕು. "ಅಗಲ ನಿಲ್ಲಿಸುತ್ತೆ, ಗಂಟು ಹಿಡಿಯುತ್ತೆ, ಬಾಲ ದಾರಿ ಹಿಡಿಸುತ್ತೆ. ಉಳಿದಿದ್ದೆಲ್ಲ ನಡೆಯೋನ ಪುಣ್ಯ" ಎನ್ನುವುದು ಅವರ ಮಾತು.

ಊರಿಗೆಲ್ಲ ಮೆಟ್ಟು ಮಾಡಿಕೊಡುವ ಆ ಮನೆಯ ಒಬ್ಬಳೇ ಮಗಳಿಗೆ ಮೆಟ್ಟು ಕಟ್ಟಿ ನಡೆಯಲಾಗುತ್ತಿರಲಿಲ್ಲ.

ಶಾನುತ್ ಅವಳ ಹೆಸರು. ತೊಟ್ಟಿಲು ಬಿಡುವ ವಯಸ್ಸಿನಲ್ಲಿ ಬಂದ ಜ್ವರವೊಂದು ಎಡಗಾಲನ್ನು ಹಿಡಿದುಕೊಂಡಿತ್ತು. ಆ ಕಾಲು ಗಿಡ್ಡವಾಗಿ, ಪಾದ ಒಳಕ್ಕೆ ಹೊರಳಿ ಬೆಳೆಯಿತು. ಬೇಸಿಗೆಯಲ್ಲಿ ಕರಾವಳಿಯಲ್ಲಿದ್ದಾಗ ಕೋಲೂರಿ ಓಡಾಡುವಳು, ದೋಣಿ ಹುಟ್ಟು ಹಾಕುವುದರಲ್ಲಿ ಗಂಡುಹುಡುಗರನ್ನು ಮೀರಿಸುವಳು. ಹಿಮ ಬಿದ್ದಮೇಲೆ ಮಾತ್ರ ಅವಳ ಜಾಗ ಜಾರುಬಂಡಿ. ನಮ್ಮ ಚಳಿಗಾಲವೆಂದರೆ ನಡಿಗೆ. ಒಂದು ಬೀಡಿನಿಂದ ಇನ್ನೊಂದಕ್ಕೆ, ಬೇಟೆ ಇರುವಲ್ಲಿಗೆ. ಎಲ್ಲರೂ ನಡೆಯುವಾಗ ಅವಳು ಕೆಟಲ್ಲು, ಒಲೆ, ಕೈಗೂಸುಗಳ ನಡುವೆ ಕೂತಿರುವಳು, ಎಳೆಯುವುದು ಭಾವ. ಓರಗೆಯ ಹುಡುಗಿಯರು ಅವಳನ್ನು "ಕೆಟಲ್ಲಕ್ಕ" ಎಂದು ಕರೆಯುತ್ತಿದ್ದರು.

"ಕೆಟಲ್ಲಿಗಾದ್ರೆ ದಾರೀಲಿ ಹೊಟ್ಟೆ ತುಂಬ ಟೀ ಹಾಕ್ತಾರೆ. ನಂಗೆ ಅದೂ ಇಲ್ಲ" ಎಂದು ಅವಳೂ ನಗುತ್ತಿದ್ದಳು. ನಕ್ಕು ಮುಖವನ್ನು ಮೊಲದ ಚರ್ಮದ ಹೊದಿಕೆಯೊಳಗೆ ಎಳೆದುಕೊಳ್ಳುವಳು.

ಭಾವ ಪ್ರಯತ್ನ ಬಿಟ್ಟಿರಲಿಲ್ಲ. ಮೊದಲು ಕರಡಿ ಪಾದದಂಥ ದುಂಡನೆಯ ಜೊತೆ ಮಾಡಿದರು, ನಿಲ್ಲಲಿ ಎಂದು. ಸಮತಟ್ಟಿನಲ್ಲಿ ನಿಂತಳು, ದಿಬ್ಬದ ಓರೆಯಲ್ಲಿ ತಟ್ಟೆಯ ಹಾಗೆ ಜಾರಿದಳು. ಆಮೇಲೆ ಗಿಡ್ಡ ಕಾಲಿನ ಕೆಳಗೆ ಮರದ ತುಂಡು ಕಟ್ಟಿ ಎತ್ತರಿಸಿದರು. ಅದಕ್ಕೆ ಹಿಮ ಮೆತ್ತಿ ಮುದ್ದೆಯಾಗಿ ಕಲ್ಲಿನಷ್ಟು ಭಾರವಾಯಿತು. ಉದ್ದನೆಯದನ್ನು ಮಾಡಿದರೆ ಎಡಗಡೆಯದರ ಒಳ ಅಂಚು ಬಲಗಡೆಯದನ್ನು ತುಳಿಯುತ್ತಿತ್ತು, ತನ್ನ ಕಾಲಿಗೆ ತಾನೇ ಎಡವಿ ಮುಗ್ಗರಿಸುವಳು. ಪ್ರತಿ ಚಳಿಗಾಲ ಒಂದು ಜೊತೆ ಒಲೆಗೆ ಹೋಗುತ್ತಿತ್ತು.

ಹುಡುಗಿ ಮೈನೆರೆದ ವರ್ಷ ಭಾವ ಎರಡು ಮೆಟ್ಟುಗಳೂ ಒಂದೇ ಥರ ಇರಬೇಕೆಂಬುದನ್ನು ಕೈಬಿಟ್ಟರು. ಬಲಗಡೆಯದು ಸಾಮಾನ್ಯವಾದದ್ದು. ಎಡಗಡೆಯದರ ಒಳ ಅಂಚು ನೇರ, ಹೊರ ಅಂಚು ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದ್ದು. ಮೂತಿ ಹೆಚ್ಚು ಮೇಲಕ್ಕೆ ಬಾಗಿತ್ತು. ಬೆರಳ ಗಂಡಿ ನಡುವೆ ಇರದೆ ಹೊರಗಡೆಗೆ ಸರಿದಿತ್ತು. ಬಾಲ ಉದ್ದ, ತುಸು ಭಾರ. ಹೊರಳುವ ಪಾದವನ್ನು ಹಿಂದಿನಿಂದ ಎಳೆದು ನೆಟ್ಟಗಿಡಲು. ನಿಷಾಪೆತ್ ಅಕ್ಕ ಪಾದದ ಕೆಳಗೆ ಎರಡು ಪದರ ಹೆಣೆದು, ತಳದಲ್ಲಿ ಸಾಲಾಗಿ ದಪ್ಪ ಗಂಟು ಹಾಕಿದಳು, ಗಟ್ಟಿ ಹಿಮವನ್ನು ಹಲ್ಲಿನಂತೆ ಕಚ್ಚಲಿ ಎಂದು. ಅಷ್ಟು ವಿಕಾರವಾದ ಮೆಟ್ಟನ್ನು ಯಾರೂ ಕಂಡಿರಲಿಲ್ಲ. ಶಾನುತ್ ಕಟ್ಟಿಕೊಂಡು ನಾಲ್ಕು ಹೆಜ್ಜೆ ಇಟ್ಟಳು, ಬೀಳಲಿಲ್ಲ. ಇನ್ನಷ್ಟು ಹೋದಳು. ತಿರುಗುವಾಗ ಪಾದ ಕಟ್ಟಿನಿಂದ ಕಳಚಿಕೊಂಡಿತು, ಮುಖ ಅಡಿಯಾಗಿ ಬಿದ್ದಳು.

ಎದ್ದವಳು ಅಳಲಿಲ್ಲ. "ಅಪ್ಪ, ಮೆಟ್ಟು ನನ್ನ ಮಾತು ಕೇಳ್ತಿದೆ. ಕಾಲೇ ಕೇಳ್ತಿಲ್ಲ. ಕಾಲನ್ನ ಕಟ್ಟಿಹಾಕು" ಅಂದಳು.

ನಮ್ಮ ಕಟ್ಟು ಸರಳ. ಬೆರಳ ಮೇಲೊಂದು ಪಟ್ಟಿ, ಹಿಮ್ಮಡಿಯ ಹಿಂದೆ ಒಂದು ಸುತ್ತು, ಅಷ್ಟೇ. ಕೈ ಹಚ್ಚದೆ ಪಾದವನ್ನು ಒಳಕ್ಕೆ ತಿರುಚಿದರೆ ಸಾಕು, ಮೆಟ್ಟು ಕಳಚುತ್ತದೆ. ಡೇರೆ ಹೊಗುವಾಗ ಹಾಗೆ ಮಾಡುತ್ತೇವೆ. ಕಾಲ ಕೆಳಗೆ ಮಂಜುಗಡ್ಡೆ ಒಡೆದರೂ ಹಾಗೇ ಮಾಡಬೇಕೆಂದು ಮಗುವಿಗೆ ನಡೆಯುವ ಮೊದಲೇ ಕಲಿಸುತ್ತೇವೆ. ಆದರೆ ಶಾನುತ್‌ಳ ಪಾದ ಸದಾ ಒಳಕ್ಕೆ ತಿರುಚಿಕೊಂಡೇ ಇತ್ತು.

ಭಾವ ಅವಳ ಪಾದರಕ್ಷೆಗೆ ತೊಗಲಿನ ಒಂದು ಬಟ್ಟಲು ಹೊಲಿದರು, ಹಿಮ್ಮಡಿ ಕೂರುವ ಹಾಗೆ. ಅದರಿಂದ ಎರಡು ಬಾರು ತೆಗೆದು, ಮೆಟ್ಟಿನ ಪಟ್ಟಿಯಲ್ಲಿ ಹಾಯಿಸಿ, ಕಾಲಿನ ಹರಡಿನ ಸುತ್ತ ಸುತ್ತಿ ಗಂಟು ಹಾಕಿದರು. ನಾನು ಅಲ್ಲೇ ಕೂತು ಮೀನು ಸೀಳುತ್ತಿದ್ದೆ. ಅಕ್ಕ ಹೆಣಿಗೆಯ ಸೂಜಿ ಕೆಳಗಿಟ್ಟಳು.

"ಇದು ಬಿಚ್ಕೊಳಲ್ಲ" ಅಂದಳು.

"ಬಿಚ್ಕೋಬಾರದು ಅಂತಾನೇ ಹಾಕಿದ್ದು."

"ನಮ್ಮಜ್ಜಿ ಕಾಲದಿಂದ ಕಾಲು ತಿರುಚಿದ್ರೆ ಬಿಚ್ಕೋಬೇಕು ಅಂತಿದೆ. ಯಾಕೆ ಅಂತ ನಿಂಗೊತ್ತಿಲ್ವಾ."

"ನಿಮ್ಮಜ್ಜಿ ಕಾಲು ನೆಟ್ಟಗಿತ್ತು ಮಾರಾಯ್ತಿ. ಇವಳಿಗೆ ಹೆಜ್ಜೆಗೊಂದು ಸಲ ಬಿಚ್ಕೊಳುತ್ತೆ. ಏನ್ಮಾಡ್ಲಿ, ಹೇಳು. ಮತ್ತೆ ಬಂಡಿ ಮೇಲೆ ಕೂರಿಸ್ಲಾ?"

ಶಾನುತ್ ಇಬ್ಬರನ್ನೂ ನೋಡುತ್ತಿದ್ದಳು. ಅಕ್ಕ ಅವಳ ಮುಖ ನೋಡಿ ಸೂಜಿ ಎತ್ತಿಕೊಂಡಳು. "ಮಂಜುಗಡ್ಡೆ ಮೇಲೆ ಹೋಗುವಾಗ ಗಂಟು ಸಡಿಲ ಮಾಡ್ಕೋಬೇಕು, ತಿಳೀತಾ" ಎಂದು ಮಗಳಿಗೆ ಹೇಳಿದಳು. ಮಗಳು ಹೂಂ ಅಂದಳು.

ಆ ಚಳಿಗಾಲ ಅವಳು ನಡೆದಳು. ಮೊದಲು ನೀರಿಗೆಂದು ಮಂಜುಗಡ್ಡೆಯಲ್ಲಿ ಕೊರೆದ ತೂತಿನವರೆಗೆ, ಆಮೇಲೆ ಮೊಲದ ಉರುಳುಗಳವರೆಗೆ, ಆಮೇಲೆ ಒಂದು ಬೀಡಿನಿಂದ ಇನ್ನೊಂದರವರೆಗೆ ಪೂರಾ. ಬೀಡಿಗೆ ಬಂದು ಸೇರಿದಾಗ ತುಟಿ ಕಚ್ಚಿಕೊಂಡಿರುವಳು, ಸೊಂಟ ಹಿಡಿದುಕೊಂಡಿರುವಳು. ಕೇಳಿದರೆ ಏನೂ ಇಲ್ಲ ಎನ್ನುವಳು. ಅವಳ ಜಾಡನ್ನು ನೋಡಿ ಮುದುಕ ಮಿಶೆನ್ ದಿನವೂ ಹಾಸ್ಯ ಮಾಡುತ್ತಿದ್ದ.

"ಯಾರಮ್ಮ ಇದು ಹೋಗಿರೋದು? ಒಂದು ಕಡೆ ಕರಡಿ ನಡೆದಂಗಿದೆ, ಇನ್ನೊಂದು ಕಡೆ ಬಾತುಕೋಳಿ."

"ನಿಮಗೇ ಒಳ್ಳೇದಲ್ವಾ ತಾತ. ಒಂದೇ ಜಾಡು ಹಿಡಿದ್ರೆ ಎರಡು ಊಟ."

ಮುದುಕ ಆ ಮಾತನ್ನು ಡೇರೆ ಡೇರೆಗೆ ಹೇಳಿಕೊಂಡು ಬಂದ. ಕೆಟಲ್ಲಕ್ಕ ಎಂಬ ಹೆಸರು ತಾನಾಗಿ ಉದುರಿಹೋಯಿತು. ಅವಳು ಬಿಳಿ ಗೌಜಲು ಹಕ್ಕಿ ಹೊಡೆದು ತಂದ ಮೊದಲ ಸಲ ಅದರ ಹೃದಯವನ್ನು ಅಪ್ಪನಿಗೆ ಬೇಯಿಸಿಕೊಟ್ಟಳು. ಭಾವ ತಿನ್ನುತ್ತಾ ಒಲೆಯ ಕಡೆ ಮುಖ ಮಾಡಿ ಕೂತರು. ಹೊಗೆ ಕಣ್ಣಿಗೆ ಬಂತು ಅಂದರು.

ಎರಡನೆಯ ಚಳಿಗಾಲ ಶುರುವಾದಾಗ ಅವಳಿಗೆ ಇನ್ನೊಂದು ಆಸೆ ಹುಟ್ಟಿತ್ತು. ಎಲ್ಲರಿಗಿಂತ ಮುಂದೆ ನಡೆದು ಹೊಸ ಹಿಮದಲ್ಲಿ ದಾರಿ ತುಳಿಯಬೇಕು. ಅದು ಗಟ್ಟಿಗರ ಕೆಲಸ. ಮುಂದಿನವರು ತುಳಿದ ದಾರಿಯಲ್ಲೇ ಹಿಂದಿನವರ ಬಂಡಿ ಬರಬೇಕು. "ನನ್ನನ್ನ ಇಷ್ಟು ವರ್ಷ ಎಳೆದ್ರಿ, ಒಂದು ದಿನ ನಾನು ನಿಮಗೆ ದಾರಿ ಮಾಡ್ತೀನಿ" ಎಂದು ಅಪ್ಪನಿಗೆ ದುಂಬಾಲು ಬಿದ್ದಳು. ಭಾವ ಒಪ್ಪಿದರು. ಅಕ್ಕನೂ ಒಪ್ಪಿದಳು. ನಾವೆಲ್ಲ ಒಪ್ಪಿದೆವು. ಆ ಬೆಳಗ್ಗೆ ಬಿಸಿಲಿತ್ತು, ಗಾಳಿ ಇರಲಿಲ್ಲ, ನಾಯಿಗಳು ಸಹ ಖುಷಿಯಾಗಿದ್ದವು.

ಅವಳು ಮುಂದೆ, ಕೈಯಲ್ಲಿ ಮಂಜುಗಡ್ಡೆ ತಟ್ಟುವ ಕಬ್ಬಿಣದ ತುದಿಯ ಕೋಲು. ಅವಳ ಹಿಂದೆ ಭಾವ, ಆಮೇಲೆ ತೂಮಾ, ಆಮೇಲೆ ಬಂಡಿ ಎಳೆಯುತ್ತ ಅಕ್ಕ ಮತ್ತು ನಾನು. ಕಾಡು ದಾಟಿ, ದಿಬ್ಬ ಇಳಿದು, ಎರಡು ಸರೋವರಗಳು ಸೇರುವ ಇಕ್ಕಟ್ಟಿಗೆ ಬಂದೆವು. ಅವಳು ಕೋಲಿನಿಂದ ತಟ್ಟುತ್ತ ಹೋದಳು. ಗಟ್ಟಿ ಸದ್ದೇ ಬರುತ್ತಿತ್ತು, ನನಗೂ ಕೇಳಿಸುತ್ತಿತ್ತು. ಹಿಂದಿನ ವಾರ ಬಿದ್ದ ಹಿಮ ಕಂಬಳಿಯ ಹಾಗೆ ಹೊದ್ದು ಅಡಿಯ ಹರಿವನ್ನು ಬೆಚ್ಚಗಿಟ್ಟು ನಡುವೆ ಮಂಜುಗಡ್ಡೆಯನ್ನು ತೆಳ್ಳಗೆ ಮಾಡಿತ್ತೆಂದು ಯಾರಿಗೆ ಗೊತ್ತು. ಗಂಟು ಸಡಿಲ ಮಾಡಿಕೊಂಡಿರಲಿಲ್ಲ ಅವಳು. ಸಡಿಲ ಮಾಡಿದ್ದರೆ ನಡೆಯಲಾಗುತ್ತಿರಲಿಲ್ಲ, ನಮ್ಮೆದುರು ಬೀಳುತ್ತಿದ್ದಳು.

ದೊಡ್ಡ ಸದ್ದೇನೂ ಆಗಲಿಲ್ಲ. ಅವಳು ಸೊಂಟದವರೆಗೆ ಇಳಿದಳು, ಕೋಲು ಅಡ್ಡ ಬಿತ್ತು, ಅದನ್ನು ಹಿಡಿದುಕೊಂಡಳು. ಒಂದು ಕ್ಷಣ ಎಲ್ಲ ಸರಿಹೋಯಿತೆಂದೇ ಅನ್ನಿಸಿತು. ಭಾವ ಹೊಟ್ಟೆಯ ಮೇಲೆ ಮಲಗಿ ಸರಿಯುತ್ತ ಹೋಗಿ ಅವಳ ಎರಡು ಕೈ ಹಿಡಿದರು. ಎಳೆದರು. ಬರಲಿಲ್ಲ. ಅಗಲವಾದ ಆ ಮೆಟ್ಟು ಮಂಜುಗಡ್ಡೆಯ ಅಡಿಗೆ ಹೋಗಿ ಸಿಕ್ಕಿಕೊಂಡಿತ್ತು. ಹರಿವು ಅದನ್ನು ಹಾಯಿಯ ಹಾಗೆ ತುಂಬಿ ಎಳೆಯುತ್ತಿತ್ತು.

"ಅಪ್ಪ, ಕಾಲು ಬಿಡ್ತಿಲ್ಲ" ಅಂದಳು. ಕೂಗಲಿಲ್ಲ. ಹೇಳಿದಳು, ಅಷ್ಟೇ.

"ಬಿಡಿಸ್ತೀನಿ ಕಂದ. ಬಿಡಿಸ್ತೀನಿ. ನೀನು ನನ್ನ ಕೊರಳು ಹಿಡ್ಕೋ."

ತೂಮಾ ಭಾವನ ಕಾಲು ಹಿಡಿದುಕೊಂಡ. ಭಾವ ಚಾಕು ಹಿಡಿದ ಕೈಯನ್ನು ಭುಜದವರೆಗೆ ನೀರಿಗಿಳಿಸಿದರು. ಒಂದು ಬಾರು ಕೊಯ್ದರು. ಇನ್ನೊಂದು ಸಿಗಲಿಲ್ಲ. ಅವರೇ ಹಾಕಿದ್ದ ಗಂಟು, ತೊಯ್ದು ಬಿಗಿದುಕೊಂಡಿತ್ತು. ಬೆರಳುಗಳು ಮರಗಟ್ಟಿದವು, ಚಾಕು ಜಾರಿ ಹೋಯಿತು. ಹಲ್ಲಿಗೆ ಸಿಗುವುದಿಲ್ಲವೆಂದು ಗೊತ್ತಿದ್ದೂ ತಲೆಯನ್ನು ನೀರಿಗೆ ಅದ್ದಿದರು. ತೂಮಾ ತನ್ನ ಚಾಕು ಕೊಟ್ಟ, ಬಹಳ ಹೊತ್ತಿನ ಮೇಲೆ ಆ ಬಾರೂ ಹರಿಯಿತು. ಅವಳನ್ನು ಮೇಲಕ್ಕೆ ತಂದಾಗ ಅವಳ ತೋಳುಗಳು ಇನ್ನೂ ಅಪ್ಪನ ಕೊರಳ ಸುತ್ತ ಇದ್ದವು. ಅಕ್ಕ ಅವಳನ್ನು ತನ್ನ ಬರಿ ಮೈಗೆ ಒತ್ತಿಕೊಂಡು ಕಂಬಳಿ ಹೊದ್ದಳು, ನಾವು ಬೆಂಕಿ ಹಾಕಿದೆವು, ಕೈಕಾಲು ತಿಕ್ಕಿದೆವು. ಹೊತ್ತು ಇಳಿಯುವವರೆಗೂ ತಿಕ್ಕಿದೆವು. ಸಾಕು ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅಕ್ಕನೇ ಅವಳ ಕೂದಲು ಬಾಚಲು ಶುರು ಮಾಡಿದಳು.

ನೆಲದ ಮೇಲೆ ಬೆಂಕಿ ಉರಿಸಿ, ಮಣ್ಣು ಕರಗಿಸಿ, ಮರಳು ದಿಬ್ಬದಲ್ಲಿ ಅವಳನ್ನು ಹೂಳಿದೆವು. ಮಿಶೆನ್ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳಿದ. ನಡುವೆ ಮರೆತು ನಿಂತ, ಮತ್ತೆ ಮೊದಲಿನಿಂದ ಹೇಳಿದ.

ಆಮೇಲೆ ಭಾವ ಮರ ಬಗ್ಗಿಸಲಿಲ್ಲ. ಯಾರಾದರೂ ಬಂದು ಕೇಳಿದರೆ "ತೂಮಾ ಮಾಡ್ತಾನೆ" ಎನ್ನುವರು. ಬೇಟೆಗೆ ಹೋಗುತ್ತಿದ್ದರು, ಬಲೆ ನೋಡುತ್ತಿದ್ದರು, ಊಟ ಮಾಡುತ್ತಿದ್ದರು. ಹೊರಗಿನವರಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಬೆಳಗ್ಗೆ ಎದ್ದು ನೋಡಿದರೆ ನಮ್ಮೆಲ್ಲರ ಡೇರೆಯ ಬಾಗಿಲಲ್ಲಿ ಒರಗಿಸಿಟ್ಟ ಮೆಟ್ಟುಗಳ ಹಿಮ್ಮಡಿ ಕಟ್ಟು ಬಿಚ್ಚಿರುತ್ತಿತ್ತು. ಮೊದಲು ನಾಯಿಗಳೆಂದುಕೊಂಡೆವು. ನಾಯಿ ತೊಗಲನ್ನು ತಿನ್ನುತ್ತದೆ, ಗಂಟು ಬಿಚ್ಚುವುದಿಲ್ಲ. ಒಂದು ದಿನ ಮಿಶೆನ್‌ನ ಹೆಂಡತಿ ಕಣ್ಣಾರೆ ಕಂಡಳು. ಭಾವ ಹಿಮದಲ್ಲಿ ಮಂಡಿಯೂರಿ, ಕೈಗವಸು ತೆಗೆದು, ಮಕ್ಕಳ ಮೆಟ್ಟಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು. ಅವಳು ಹಾಗೇ ಒಳಗೆ ಹೋದಳು.

ಗಂಡಸರು ಗೊಣಗುತ್ತ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಮಕ್ಕಳು ಮಾತ್ರ ಭಾವ ದಾರಿಯಲ್ಲಿ ಎದುರಾದರೆ ತಾವೇ ಕಾಲು ಚಾಚಿ ನಿಲ್ಲುತ್ತಿದ್ದವು. ಅವರು ಬಗ್ಗಿ ಸಡಿಲ ಮಾಡಿ, ತಲೆ ನೇವರಿಸಿ, ಮುಂದೆ ಹೋಗುವರು.

ಎರಡು ಚಳಿಗಾಲ ಹಾಗೆ ಹೋಯಿತು. ಅಕ್ಕ ಒಂದು ದಿನವೂ ಅವರನ್ನು ದೂರಲಿಲ್ಲ. ಆ ಮೌನವೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ತೂಮಾ ಮಾಡಿದ ಬಳೆಗಳಿಗೆ ಅವಳು ಹೆಣಿಗೆ ಹಾಕುತ್ತಿದ್ದಳು, ಅದೇ ಬಿಗಿ, ಅದೇ ನಾದ. ಒಂದು ಮಧ್ಯಾಹ್ನ ಕ್ಯಾರಿಬೂ ಹಿಂಡು ಕಂಡಿತೆಂದು ಸುದ್ದಿ ಬಂತು. ಹಸಿವಿನ ಕಾಲ ಅದು, ಹಿಟ್ಟೂ ಮುಗಿದಿತ್ತು. ತೂಮಾ ಓಡಿ ಹೊರಗೆ ಬಂದರೆ ಅವನ ಮೆಟ್ಟಿನ ಕಟ್ಟು ಬಿಚ್ಚಿತ್ತು, ಒಂದು ಪಟ್ಟಿ ಹಿಮದಲ್ಲಿ ಎಲ್ಲೋ ಹೂತಿತ್ತು.

"ಅಣ್ಣ, ಸಾಕು ಮಾಡು" ಅಂದ. "ಮಕ್ಕಳು ಉಪವಾಸ ಇದ್ದಾವೆ. ಎಷ್ಟು ದಿನ ಇದು."

ಭಾವ ಪಟ್ಟಿಯನ್ನು ಹುಡುಕಿ ಕೊಟ್ಟರು. "ಗಟ್ಟಿಯಾಗಿತ್ತು ಕಣೋ" ಅಂದರು.

ಆಗ ಅಕ್ಕ ಡೇರೆಯ ಬಾಗಿಲಲ್ಲಿ ನಿಂತಿದ್ದಳು. ಮೆಲ್ಲಗೆ ಅಂದಳು: "ನಾನು ಹೇಳಿದ್ದೆ. ಬಿಚ್ಕೊಳಲ್ಲ ಅಂತ ಆವತ್ತೇ ಹೇಳಿದ್ದೆ."

ನಾನು ಅಕ್ಕನ ತೋಳು ಹಿಡಿದುಕೊಂಡೆ. ಭಾವ ತಲೆಯೆತ್ತಿ ಅವಳ ಮುಖ ನೋಡಿದರು, ಯಾರೋ ಕೊನೆಗೂ ತಮ್ಮನ್ನು ಹೆಸರು ಹಿಡಿದು ಕರೆದ ಹಾಗೆ.

"ಹೂಂ. ಹೇಳಿದ್ದೆ" ಅಂದರು.

ಆಮೇಲೆ ಹಿಮದಲ್ಲಿ ಕೂತುಬಿಟ್ಟರು. ಮಗಳು ಹೋದಮೇಲೆ ಮೊದಲ ಸಲ ಅವರು ಅತ್ತದ್ದು ಅಂದು. ಅಕ್ಕ ಹೋಗಿ ಪಕ್ಕದಲ್ಲಿ ಕೂತಳು. "ಅವಳೂ ಕೇಳಿದ್ಲು. ಕಟ್ಟಿಹಾಕು ಅಂತ ಅವಳೇ ಕೇಳಿದ್ಲು. ನಾನೂ ಸೂಜಿ ಎತ್ತಿಕೊಂಡೆ" ಎಂದು ಏನೇನೋ ಹೇಳುತ್ತ ಅವರ ಬೆನ್ನು ಸವರುತ್ತಿದ್ದಳು. ತೂಮಾ ಬೇಟೆಗೆ ಹೋದ. ಅವತ್ತು ನಮಗೆ ಮಾಂಸ ಸಿಕ್ಕಿತು. ಅವರಿಬ್ಬರೂ ಮುಟ್ಟಲಿಲ್ಲ.

ಅಷ್ಟಾದ ಮೇಲೆ ಅವರು ಸರಿಹೋದರು ಎಂದು ಹೇಳಲು ನನಗೂ ಆಸೆ. ಹಾಗಾಗಲಿಲ್ಲ. ಮಾತಾಡುವುದು ಹೆಚ್ಚಾಯಿತು, ನಿದ್ದೆ ಹತ್ತತೊಡಗಿತು ಎಂದು ಅಕ್ಕ ಹೇಳಿದಳು. ಗಂಟು ಬಿಚ್ಚುವುದು ನಿಲ್ಲಲಿಲ್ಲ. ಆಮೇಲಾಮೇಲೆ ಯಾವ ಗಂಟಾದರೂ ಸರಿ, ಡೇರೆಯ ಹಗ್ಗ, ಹಿಟ್ಟಿನ ಚೀಲ, ಕೂಸಿನ ಟೊಪ್ಪಿಗೆಯ ದಾರ. ಎರಡು ಸಲ ಡೇರೆ ನಮ್ಮ ತಲೆಯ ಮೇಲೆ ಬಿತ್ತು. ಹುಡುಗಿಯರು ನಕ್ಕರು, ಅವರೂ ನಕ್ಕರು.

ಕೆಲವು ವರ್ಷಗಳ ನಂತರ ಒಂದು ಬೇಸಿಗೆ, ಕರಾವಳಿಯಲ್ಲಿದ್ದಾಗ, ಎದೆಯಲ್ಲಿ ಕಫ ಕಟ್ಟಿ ಮಲಗಿದರು. ಮಾತು ಮೊದಲು ಹೋಯಿತು. ಕಣ್ಣು ಮುಚ್ಚಿದ್ದರೂ ಬೆರಳುಗಳು ಹೊದಿಕೆಯ ಮೇಲೆ ತಡಕಾಡುತ್ತಿದ್ದವು, ಹಿಡಿಯುತ್ತಿದ್ದವು, ಎಳೆಯುತ್ತಿದ್ದವು, ಏನೂ ಸಿಗುತ್ತಿರಲಿಲ್ಲ. ನೋಡಲಾಗಲಿಲ್ಲ ನನಗೆ. ಅಕ್ಕ ತನ್ನ ಜಡೆಯ ಪಟ್ಟಿ ಬಿಚ್ಚಿ, ಅದರಲ್ಲೊಂದು ಗಂಟು ಹಾಕಿ, ಅವರ ಕೈಗಿಟ್ಟಳು. ಬೆರಳುಗಳು ಗಂಟನ್ನು ಹುಡುಕಿದವು, ನಿಧಾನವಾಗಿ ಬಿಚ್ಚಿದವು. ಉಸಿರು ಹದಕ್ಕೆ ಬಂತು. ಅವಳು ಪಟ್ಟಿ ತೆಗೆದುಕೊಂಡು ಮತ್ತೆ ಗಂಟು ಹಾಕಿಕೊಟ್ಟಳು. ಇಡೀ ದಿನ ಹಾಗೇ ನಡೆಯಿತು. ಅವಳು ಕಟ್ಟುವುದು, ಅವರು ಬಿಚ್ಚುವುದು. ನಾನು ಟೀ ಮಾಡಿ ತಂದುಕೊಟ್ಟೆ, ಅದು ಆರಿಹೋಯಿತು. ಸಂಜೆಯ ಹೊತ್ತಿಗೆ ಗಂಟು ಗಂಟಾಗಿಯೇ ಅವರ ಕೈಯಲ್ಲಿ ಉಳಿಯಿತು. ಅಕ್ಕ ಕಾದಳು. ಆಮೇಲೆ ತಾನೇ ಬಿಚ್ಚಿದಳು.

ಈಗ ಅವಳು ನಮ್ಮ ಡೇರೆಯಲ್ಲೇ ಇದ್ದಾಳೆ. ಕಣ್ಣು ಮಂಜಾಗಿದೆ, ಹೆಣಿಗೆಯನ್ನು ಬೆರಳಲ್ಲೇ ನೋಡಿಕೊಳ್ಳುತ್ತಾಳೆ. ಚಳಿಗಾಲಕ್ಕೆ ನಮ್ಮೊಂದಿಗೆ ಒಳನಾಡಿಗೆ ಬರುತ್ತಾಳೆ, ಜಾರುಬಂಡಿಯ ಮೇಲೆ. ಆ ಇಕ್ಕಟ್ಟನ್ನು ನಾವು ದಾಟುವುದಿಲ್ಲ. ಗುಡ್ಡದ ಹಿಂದಿನಿಂದ ಬಳಸಿ ಹೋಗುತ್ತೇವೆ, ಅದು ದೂರದ ದಾರಿ, ಏರು ಜಾಸ್ತಿ. ಎಳೆಯರು ಗೊಣಗುತ್ತಾರೆ, ಯಾಕಿಷ್ಟು ಸುತ್ತು ಎಂದು ಕೇಳುತ್ತಾರೆ. ಆ ಕಡೆ ಗಾಳಿ ಕಡಿಮೆ ಎಂದು ತೂಮಾ ಹೇಳುತ್ತಾನೆ.